ಅಪ್ಪನ ಮಳೆ ಡೈರಿಯಲ್ಲಿ ಕೊಂಬು, ಒತ್ತು ಎಲ್ಲಿ ಹೋದವು?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು, ಸಣ್ಣ ಕಾಫಿ ತೋಟ ಇದೆ. ನಮ್ಮಪ್ಪ 2003ರಿಂದ 2021ರವರೆಗೆ ತೋಟದ ದಿನಚರಿಯನ್ನು ಕಂಪ್ಯೂಟರಿನಲ್ಲೇ ಬರೆದಿಟ್ಟಿದ್ದಾರೆ. ಮಳೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ), ಹೂಮಳೆ ಯಾವತ್ತು ಬಂತು, ಗೊಬ್ಬರ, ಆಳುಗಳ ಲೆಕ್ಕ, ಎಲ್ಲವೂ ಇದೆ. ಈಗ ಅವರ ಕಣ್ಣು ಮಂಜಾಗಿದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡೋಣ ಅಂತ ಪೆನ್‌ಡ್ರೈವ್ ತೆರೆದರೆ ನಾಲ್ಕು ಫೋಲ್ಡರು, ನಾಲ್ಕೂ ನಾಲ್ಕು ರೀತಿ. ಒಂದು ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಇನ್ನೊಂದರಲ್ಲಿ ಬರೀ ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡ್ ಚಿಹ್ನೆ. ಮೂರನೆಯದರಲ್ಲಿ ತಲೆ ಮೇಲೆ ಗೀಟು ಎಳೆದ ಎ, ಪಕ್ಕದಲ್ಲಿ ಪುಟ್ಟ 2, ಪುಟ್ಟ 3. ನಾಲ್ಕನೆಯದರಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ.

ನಮ್ಮ ಭಾವ ಎಲ್ಲೋ ನೋಡಿ ಫೈಲಿನ ಅಕ್ಷರದ ಕೋಡು ಬದಲಿಸುವ ಐಕಾನ್ವ್ ಅನ್ನುವ ಕಮಾಂಡ್ ಓಡಿಸಿದರು. ಎರಡನೇ ಫೋಲ್ಡರಿಗೆ ಯಾವ ತಕರಾರೂ ಬರಲಿಲ್ಲ, ಆದರೆ ಅಕ್ಷರ ಬದಲಾಗಲೂ ಇಲ್ಲ. ಮೂರನೆಯದಕ್ಕೆ ದೋಷ ಅಂತ ನಿಂತುಬಿಟ್ಟಿತು. 'ಅಡ್ಡಗೆರೆ ಸಿ' ಸೇರಿಸಿದರೆ ನಿಲ್ಲುವುದಿಲ್ಲ ಅಂತ ಓದಿ, ಎರಡು ಸಲ ಹಾಗೆ ಓಡಿಸಿದರು. ಕನ್ನಡ ಬಂತು, ಆದರೆ ಹೀಗೆ: 'ಪನರವಸ. ಹಳಳ ತಂಬಿ ಆಳಗಳ ಬರಲಿಲಲ.' ಫೈಲು ವೈರಸ್ ಹತ್ತಿ ಹಾಳಾಗಿದೆಯಾ? ನುಡಿ ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದಾ? ಆನ್‌ಲೈನ್ ಕನ್ವರ್ಟರಿಗೆ ಎಲ್ಲ ಹಾಕಿಬಿಡಬಹುದಾ? ಪೆನ್‌ಡ್ರೈವ್ ಇನ್ನೂ ಹಾಗೇ ಇದೆ.

ಉತ್ತರ: ನಿಮ್ಮ ಕೊನೆಯ ವಾಕ್ಯ ಓದಿ ನನಗೆ ಸಮಾಧಾನವಾಯಿತು. ಪೆನ್‌ಡ್ರೈವ್ ಹಾಗೇ ಇದ್ದರೆ ಬಹುಪಾಲು ದಿನಚರಿ ವಾಪಸ್ ಬರುತ್ತದೆ. ಅದನ್ನು ಇನ್ನು ಯಾವ ಕೆಲಸಕ್ಕೂ ಚುಚ್ಚಬೇಡಿ. ಒಂದೇ ಒಂದು ಸಲ ಚುಚ್ಚಿ, ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ತೆಗೆದು ಬೀರುವಿನಲ್ಲಿಡಿ. ಇನ್ನು ಮುಂದೆ ನಾನು ಹೇಳೋದೆಲ್ಲ ಆ ಕಾಪಿಯ ಮೇಲೆ ಮಾಡುವ ಕೆಲಸ.

ಈಗ ಆ ಸಾಲು ನೋಡೋಣ. 'ಪನರವಸ. ಹಳಳ ತಂಬಿ ಆಳಗಳ ಬರಲಿಲಲ.' ನಿಮ್ಮಪ್ಪ ಬರೆದದ್ದು 'ಪುನರ್ವಸು. ಹಳ್ಳ ತುಂಬಿ ಆಳುಗಳು ಬರಲಿಲ್ಲ.' ಎರಡನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. ಹೋಗಿರುವುದು ಎರಡೇ ಎರಡು ಚಿಹ್ನೆ. ಒಂದು ಕೊಂಬು, ಇನ್ನೊಂದು ಒತ್ತಕ್ಷರವನ್ನು ಕಟ್ಟುವ ಹಲಂತ. ಸೊನ್ನೆ ಇದೆ, ಗುಡಿಸು ಇದೆ, ವ್ಯಂಜನ ಒಂದೂ ತಪ್ಪಿಲ್ಲ. ವೈರಸ್ಸಿಗಾಗಲಿ ಕೆಟ್ಟ ಪೆನ್‌ಡ್ರೈವಿಗಾಗಲಿ ಇಷ್ಟು ಅಚ್ಚುಕಟ್ಟಾಗಿ ಕೊಂಬು ಮತ್ತು ಹಲಂತವನ್ನೇ ಆರಿಸಿ ಕೀಳಲು ಬರುವುದಿಲ್ಲ. ಕಾರಣ ಬೇರೆ ಇದೆ, ಅದಕ್ಕೆ ಹೆಸರೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಭಾವನವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಈ ಕೆಲಸದಲ್ಲಿ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಶುರುವಿನ ವರ್ಷಗಳಲ್ಲಿ ಹಾಸನದ ಹತ್ತಿರದ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ನನ್ನ ಕೈಗೆ ಬಂತು. ಹಳೆ ಫೈಲಿನ ಹೆಸರನ್ನೇ ಹೊಸ ಫೈಲಿಗೂ ಕೊಟ್ಟು ಕಮಾಂಡ್ ಒತ್ತಿದೆ. ಬಂದ ಫಲಿತಾಂಶವನ್ನು ಹೊಸ ಫೈಲಿಗೆ ಕಳಿಸಲು ಬಲಕ್ಕೆ ಮೂತಿ ಮಾಡಿದ ಬಾಣದ ಗುರುತು ಇದೆಯಲ್ಲ, ಅದು ಸಿಕ್ಕಿದ ಕೂಡಲೇ ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯುವ ಕಿಟಕಿ, ಮೊದಲು ಹೊಸ ಫೈಲನ್ನು ಖಾಲಿ ಮಾಡಿ ಇಟ್ಟುಕೊಳ್ಳುತ್ತದೆ. ಐಕಾನ್ವ್ ಓದಲು ಹೋಗುವುದು ಅದಾದ ಮೇಲೆ. ಹೆಸರು ಒಂದೇ ಆಗಿದ್ದರಿಂದ ಓದಲು ಏನೂ ಉಳಿದಿರಲಿಲ್ಲ. ಪಟ್ಟಿಯನ್ನು ಅವರ ಲೆಡ್ಜರ್ ನೋಡಿಕೊಂಡು ಎರಡು ವಾರ ಕೂತು ಮತ್ತೆ ಟೈಪ್ ಮಾಡಿಕೊಟ್ಟೆ. ಅಂದಿನಿಂದ ನನ್ನ ಪದ್ಧತಿ ಒಂದೇ: ಹಳೆಯದಕ್ಕೊಂದು ಫೋಲ್ಡರು, ಹೊಸದಕ್ಕೊಂದು ಫೋಲ್ಡರು, ಹಳೆಯದಕ್ಕೆ ಓದಲು ಮಾತ್ರ ಅನುಮತಿ. ನೀವೂ ಹಾಗೇ ಮಾಡಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಫೈಲಿನಲ್ಲಿ ಅಕ್ಷರ ಅಂತ ಏನೂ ಇರುವುದಿಲ್ಲ. ಇರುವುದು ಬೈಟುಗಳು, ಅಂದರೆ 0ಯಿಂದ 255ರ ಒಳಗಿನ ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಅನ್ನುವ ಒಪ್ಪಂದಕ್ಕೆ ಎನ್‌ಕೋಡಿಂಗ್ ಅಂತ ಹೆಸರು. ಆ ಒಪ್ಪಂದ ಯಾವುದು ಅಂತ ಟೆಕ್ಸ್ಟ್ ಫೈಲಿನೊಳಗೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ತೆರೆಯುವವರು ಊಹಿಸಬೇಕು. ಐಕಾನ್ವ್ ಅಂತೂ ಊಹಿಸಲು ಹೋಗುವುದೇ ಇಲ್ಲ. 'ಇದು ಇಂಥ ಒಪ್ಪಂದದ ಫೈಲು, ಇದನ್ನು ಇಂಥ ಒಪ್ಪಂದಕ್ಕೆ ಬದಲಿಸು' ಅಂತ ನೀವು ಹೇಳಿದ್ದನ್ನು ಹೇಳಿದಂತೆ ನಂಬುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ನಿಷ್ಠೆಯಿಂದ ಮಾಡಿಕೊಡುತ್ತದೆ, ಎಷ್ಟೋ ಸಲ ದೂರೂ ಹೇಳದೆ.

ನಾನು ಕೂತಿರೋದು ಹಾಸನದಲ್ಲಿ, ಹಾಗಾಗಿ 'ಹಾಸನ' ಅನ್ನುವ ಪದವನ್ನೇ ತಗೊಳ್ಳೋಣ. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ, ಯುಟಿಎಫ್-16 ಮತ್ತು ಯುಟಿಎಫ್-8 ಆ ಸಂಖ್ಯೆಯನ್ನು ಬೈಟುಗಳಲ್ಲಿ ಬರೆಯುವ ಎರಡು ರೀತಿ. ಇದೊಂದೇ ಪದ ಇರುವ ಫೈಲು ನುಡಿಯಲ್ಲಿ ಬರೆದಿದ್ದರೆ 6 ಬೈಟ್. ಯುಟಿಎಫ್-16ರಲ್ಲಿ 8 ಬೈಟ್. ಯುಟಿಎಫ್-8ರಲ್ಲಿ 12 ಬೈಟ್. ನಿಮ್ಮ ಮೂರನೇ ಫೋಲ್ಡರಿನ ರೋಗ ಹತ್ತಿದ್ದರೆ 24 ಬೈಟ್. ನಾಲ್ಕನೆಯದರಂತೆ ಪ್ರಶ್ನಾರ್ಥಕ ಆಗಿಹೋಗಿದ್ದರೆ 4 ಬೈಟ್. ಕೆಲವು ಫೈಲುಗಳ ತಲೆಯಲ್ಲಿ ಗುರುತಿನ ಬೈಟು ಎರಡೋ ಮೂರೋ ಜಾಸ್ತಿ ಇರಬಹುದು, ಅದನ್ನು ಬಿಟ್ಟು ಹೇಳುತ್ತಿದ್ದೇನೆ. ಪದ ಒಂದೇ, ಐದು ಗಾತ್ರ. ಕನ್ವರ್ಟ್ ಮಾಡಿದ ಮೇಲೆ ಫೈಲು ಯಾಕೆ ದಪ್ಪ ಆಯಿತು ಅಂತ ತುಂಬಾ ಜನ ಗಾಬರಿಯಾಗುತ್ತಾರೆ. ಏನೂ ಸೇರಿಕೊಂಡಿರುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಅಷ್ಟೇ.

ಹಾಗಾಗಿ ಮೊದಲ ಕೆಲಸ ಕನ್ವರ್ಟ್ ಮಾಡುವುದಲ್ಲ, ಬೈಟುಗಳನ್ನು ಕಣ್ಣಾರೆ ನೋಡುವುದು. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ. ಲಿನಕ್ಸ್ ಅಥವಾ ಮ್ಯಾಕ್ ಆದರೆ 'ಹೆಕ್ಸ್‌ಡಂಪ್ -ಸಿ', ಇದರಲ್ಲಿ ಸಿ ಮಾತ್ರ ದೊಡ್ಡಕ್ಷರ, ಆಮೇಲೆ ಫೈಲಿನ ಹೆಸರು. ವಿಂಡೋಸಿನ ಪವರ್‌ಶೆಲ್ ಆದರೆ 'ಫಾರ್ಮ್ಯಾಟ್-ಹೆಕ್ಸ್' ಮತ್ತು ಫೈಲಿನ ಹೆಸರು. ಇವು ಬೈಟುಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತವೆ: 0ಯಿಂದ 9, ಆಮೇಲೆ ಎಯಿಂದ ಎಫ್, ಒಂದೊಂದು ಬೈಟಿಗೂ ಎರಡೆರಡು ಗುರುತು. ಮುಂದೆ ನಾನು ಹೇಳುವ ಬೈಟುಗಳೂ ಅದೇ ಲೆಕ್ಕದವು. ವಿಂಡೋಸಿನಲ್ಲಿ ಐಕಾನ್ವ್ ತಾನಾಗಿ ಇರುವುದಿಲ್ಲ. ಗಿಟ್ ಫಾರ್ ವಿಂಡೋಸ್ ಹಾಕಿಕೊಂಡರೆ ಅದರ ಬ್ಯಾಷ್ ಕಿಟಕಿಯಲ್ಲಿ ಸಿಗುತ್ತದೆ. 'ಫೈಲ್' ಅಂತ ಇನ್ನೊಂದು ಕಮಾಂಡ್ ಇದೆ, ಅದು ಎನ್‌ಕೋಡಿಂಗ್ ಊಹಿಸಿ ಹೇಳುತ್ತದೆ. ಒಳ್ಳೆಯದೇ, ಆದರೆ ನಿಮ್ಮ ಮೂರನೇ ಫೋಲ್ಡರನ್ನು ಅದು ಯುಟಿಎಫ್-8, ಎಲ್ಲ ಸರಿ ಇದೆ ಅನ್ನುತ್ತದೆ. ಅದರ ಮಾತೇ ಕೊನೆ ಅಂತ ಇಟ್ಟುಕೊಳ್ಳಬೇಡಿ.

ಮೊದಲನೇ ಫೋಲ್ಡರು ಸುಲಭ. ಹಳೆಯ ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ 'ಯುನಿಕೋಡ್' ಅಂತ ಒಂದು ಆಯ್ಕೆ ಇರುತ್ತಿತ್ತು. ಅದರ ಅರ್ಥ ಯುಟಿಎಫ್-16. ಬೈಟು ನೋಡಿದರೆ ಫೈಲಿನ ತಲೆಯಲ್ಲೇ 'ಎಫ್‌ಎಫ್ ಎಫ್‌ಇ' ಅಂತ ಎರಡು ಬೈಟ್ ಕಾಣಬೇಕು. ಕಂಡರೆ ಹೀಗೆ ಹೊಡೆಯಿರಿ:

ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಹಳೆಯಫೈಲು > ಹೊಸಫೈಲು

ಎಫ್ ಅಂದರೆ ಯಾವುದರಿಂದ, ಟಿ ಅಂದರೆ ಯಾವುದಕ್ಕೆ. ಯುಟಿಎಫ್-16 ಅಂತ ಮಾತ್ರ ಹೇಳಿ. ಕೆಲವರು ಅದರ ಮುಂದೆ ಎಲ್‌ಇ ಸೇರಿಸಲು ಹೇಳುತ್ತಾರೆ. ಹಾಗೆ ಮಾಡಿದರೆ ತಲೆಯ ಆ ಗುರುತು ಕಣ್ಣಿಗೆ ಕಾಣದ ಅಕ್ಷರವಾಗಿ ಹೊಸ ಫೈಲಿನ ಮೊದಲ ಪದಕ್ಕೆ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ಹುಡುಕುವಾಗ ಆ ಪದ ಸಿಗದೆ ಆಟ ಆಡಿಸುತ್ತದೆ. ಈ ಫೋಲ್ಡರಿನ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಎರಡನೇ ಫೋಲ್ಡರು ನುಡಿಯದ್ದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು, ಯಾಕಂದರೆ ವಾರಕ್ಕೆ ಒಬ್ಬರಾದರೂ ನನ್ನ ಹತ್ತಿರ ಇದೇ ಗೊಂದಲದಲ್ಲಿ ಬರುತ್ತಾರೆ. ನುಡಿಯನ್ನು ಎನ್‌ಕೋಡಿಂಗ್ ಅಂದುಕೊಂಡು ಐಕಾನ್ವ್‌ನ ಪಟ್ಟಿಯಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದಿಲ್ಲ. ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿದ ಕಾಲದಲ್ಲಿ ಊರಿನ ಡಿಟಿಪಿ ಅಂಗಡಿಯ ಕಂಪ್ಯೂಟರುಗಳಿಗೆ ಕನ್ನಡವೇ ಗೊತ್ತಿರಲಿಲ್ಲ. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು ನಿಜ. ಆದರೆ ವಿಂಡೋಸಿನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಜೊತೆಗೆ, ತುಂಗಾ ಅನ್ನುವ ಫಾಂಟಿನಲ್ಲಿ. ಹಳೆ ಯಂತ್ರಗಳಿದ್ದ ಕಡೆ ಅದೂ ಇರಲಿಲ್ಲ. ಅದಕ್ಕೇ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲೇ ಕನ್ನಡದ ತುಂಡುಗಳ ಚಿತ್ರ ಕೂರಿಸಿದರು. 'ಕನ್ನಡ' ಅಂತ ನುಡಿಯಲ್ಲಿ ಬರೆದರೆ ಫೈಲಿನೊಳಗೆ ನಿಜವಾಗಿ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ಗೀಟು ಎಳೆದ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯು, ಮತ್ತೊಮ್ಮೆ ಗೀಟಿನ ಎ. ಪಿ ಅಂದರೆ ಕಕಾರದ ಮೈ, ಗೀಟಿನ ಎ ಅಂದರೆ ತಲೆಕಟ್ಟು, ಜರ್ಮನ್ ಅಕ್ಷರ ನಕಾರದ ಒತ್ತು. ನಿಮಗೆ ಕಂಡ ಪೌಂಡ್ ಚಿಹ್ನೆ ನಕಾರದ ಮೈ.

ಹಾಗಾಗಿ ಭಾವನವರು ಓಡಿಸಿದ ಐಕಾನ್ವ್ ತಪ್ಪು ಮಾಡಲಿಲ್ಲ. ಯುರೋಪಿನ ಅಕ್ಷರಗಳನ್ನು ಯುರೋಪಿನ ಅಕ್ಷರಗಳಾಗಿಯೇ ಯುಟಿಎಫ್-8ಕ್ಕೆ ಸಾಗಿಸಿತು. ಆ ಫೈಲುಗಳು ಹಾಳಾಗಿಲ್ಲ. ಮುಂದಿನ ಹೆಜ್ಜೆಗೆ ಅವೇ ಬೇಕಾಗಬಹುದು, ಅಳಿಸಬೇಡಿ. ಇಸ್ಕಿ ಅಂತ 1991ರ ಭಾರತೀಯ ಮಾನಕವೊಂದಿದೆ, ನುಡಿ ಅದೂ ಅಲ್ಲ. ಅದನ್ನು ಹೇಳಿ ಪ್ರಯತ್ನಿಸಿದರೆ ಕಸ ಸಿಗುತ್ತದೆ.

ನುಡಿ ಫಾಂಟ್ ಹಾಕಿಕೊಂಡರೆ ಓದಲು ಬರುತ್ತದಾ ಅಂದಿರಿ. ಬರುತ್ತದೆ. ಪ್ರಿಂಟೂ ಹಾಕಬಹುದು. ಅಪ್ಪನಿಗೆ ನಾಳೆಯೇ ಓದಲು ಕೊಡಬೇಕು ಅಂದರೆ ಈ ಒಂದು ಫೋಲ್ಡರಿಗೆ ಅದು ಸಾಕು. ಆದರೆ ಅದು ವೇಷ ಅಷ್ಟೇ, ಒಳಗಿರುವುದು ಅದೇ ಪಿ, ಅದೇ ಪೌಂಡ್. ಹುಡುಕಲು ಆಗುವುದಿಲ್ಲ, ಫೋನಿಗೆ ಕಳಿಸಲು ಆಗುವುದಿಲ್ಲ, ಆ ಫಾಂಟ್ ಇಲ್ಲದ ಕಡೆ ಮತ್ತೆ ಇಂಗ್ಲಿಷ್ ಆಗಿ ಕಾಣುತ್ತದೆ. ಮುಂದಿನವರಿಗೂ ಉಳಿಯಬೇಕು ಅಂದರೆ ಯುನಿಕೋಡಿಗೆ ಬದಲಿಸಲೇಬೇಕು.

ಬದಲಿಸಲು ಐಕಾನ್ವ್ ಸಾಲದು, ಯಾಕೆ ಅಂತ ಹೇಳುತ್ತೇನೆ. 'ಅರ್ಜಿ' ಪದ ನೋಡಿ. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲೇ ಅ, ಅರೆ ರಕಾರ, ಆಮೇಲೆ ಜಿ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮ: ಅ, ಜಿ, ಕೊನೆಗೆ ಅರ್ಕಾವೊತ್ತು. ಸುಮ್ನೆ ಒಂದಕ್ಕೆ ಒಂದು ಬದಲಿಸುತ್ತಾ ಹೋದರೆ 'ಅಜಿರ್' ಬರುತ್ತದೆ. 'ವರ್ಷ' ಹೋಗಿ 'ವಷರ್' ಆಗುತ್ತದೆ. ನಿಮ್ಮಪ್ಪನ ಡೈರಿಯಲ್ಲಿ ಹೂಮಳೆ ಬರುವ 'ಮಾರ್ಚ್' ತಿಂಗಳು 'ಮಾಚ್ರ್' ಆಗಿ ಕೂರುತ್ತದೆ. ಒಳ್ಳೆಯ ಕನ್ವರ್ಟರ್ ಅರ್ಕಾವೊತ್ತನ್ನು ಎತ್ತಿ ಹಿಂದಿನ ಅಕ್ಷರಕ್ಕಿಂತ ಮುಂಚೆ ತಂದಿಡುತ್ತದೆ. ನುಡಿ ತಂತ್ರಾಂಶದ ಜೊತೆಗೇ ಕನ್ವರ್ಟರ್ ಬರುತ್ತದೆ, ಬರಹ ಅನ್ನುವ ತಂತ್ರಾಂಶದಲ್ಲೂ ಇದೆ. ಕಮಾಂಡ್ ಸಾಲಿನಿಂದಲೇ ನೂರಾರು ಫೈಲು ಓಡಿಸಬೇಕು ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ಮುಕ್ತವಾಗಿ ಸಿಗುವ ಸ್ಕ್ರಿಪ್ಟುಗಳಿವೆ. ಯಾವುದೇ ಆಗಲಿ, ಮೊದಲು ಒಂದೇ ಫೈಲು ಓಡಿಸಿ 'ಮಾರ್ಚ್', 'ವರ್ಷ', 'ಕೃಷಿ', 'ಲಕ್ಷ್ಮಿ', 'ಸ್ತ್ರೀ', 'ನೀರು' ಇವು ಸರಿ ಬಂದಿವೆಯಾ ನೋಡಿ. ಇಲ್ಲಿ ಪಾಸಾದರೆ ಉಳಿದದ್ದನ್ನು ಓಡಿಸಿ. ಯಾವುದಾದರೂ ಫೈಲನ್ನು ನುಡಿ ಬದಲು ಶ್ರೀಲಿಪಿ ಅನ್ನುವ ತಂತ್ರಾಂಶದಲ್ಲಿ ಹೊಡೆದಿದ್ದರೆ ಮನೆಗಳ ಹಂಚಿಕೆಯೇ ಬೇರೆ, ನುಡಿಯ ಕನ್ವರ್ಟರ್ ನಡೆಯುವುದಿಲ್ಲ. ನೀವು ಹೇಳಿದ ಪೌಂಡ್ ಚಿಹ್ನೆ ನುಡಿಯ ಕಡೆಗೇ ಕೈ ತೋರಿಸುತ್ತದೆ.

ಇನ್ನೊಂದು ಅಪಾಯ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಡೈರಿಯಲ್ಲಿ ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದೇ ಇರುತ್ತದೆ, ಅಲ್ವಾ? ಡಿಎಪಿ ಗೊಬ್ಬರವನ್ನು ಇಂಗ್ಲಿಷಿನ ಮೂರು ದೊಡ್ಡಕ್ಷರದಲ್ಲಿ ಬರೆದಿದ್ದಾರೆ ಅನ್ನಿ. ನುಡಿಯಲ್ಲಿ ಡಿ ಮನೆಯಲ್ಲಿ ಇರುವುದು ಆ, ಎ ಮನೆಯಲ್ಲಿ ಸೊನ್ನೆ, ಪಿ ಮನೆಯಲ್ಲಿ ಕಕಾರದ ಮೈ. ಕನ್ವರ್ಟರ್ ಅದನ್ನು 'ಆಂಕ್' ಅಂತ ಮಾಡಿ ಕೊಡುತ್ತದೆ. ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಹೆಸರು ಉಳಿದಿರುವುದಿಲ್ಲವಾದ್ದರಿಂದ ಯಾವುದು ಇಂಗ್ಲಿಷ್, ಯಾವುದು ನುಡಿ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದೇ ದಿನಚರಿಯ ವರ್ಡ್ ಫೈಲು ಎಲ್ಲಾದರೂ ಇದ್ದರೆ ಅದರಿಂದಲೇ ಕನ್ವರ್ಟ್ ಮಾಡಿ. ಅದರಲ್ಲಿ ಪ್ರತಿ ಪದದ ಫಾಂಟೂ ದಾಖಲಾಗಿರುತ್ತದೆ. ಇಲ್ಲದಿದ್ದರೆ ಮನುಷ್ಯರೇ ಕೂತು ಓದಿ ತಿದ್ದಬೇಕು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುತ್ತಾ ತಿದ್ದಿ. 'ಆಂಕ್' ಅಂದರೆ ಏನು ಅಂತ ಅವರು ತಕ್ಷಣ ಹೇಳುತ್ತಾರೆ.

ಕನ್ವರ್ಟ್ ಆದ ಮೇಲೆ 'ನೀರು' ಅಂತ ಹುಡುಕಿ. ಕಣ್ಣೆದುರೇ ಇದ್ದರೂ ಸಿಗದೆ ಹೋಗಬಹುದು. ನುಡಿಯಲ್ಲಿ ದೀರ್ಘದ ಗುರುತು ಬೇರೆ ತುಂಡು. ಕೆಲವು ಕನ್ವರ್ಟರುಗಳು ನಿ ಮತ್ತು ದೀರ್ಘವನ್ನು ಎರಡು ಚಿಹ್ನೆಯಾಗಿಯೇ ಬಿಡುತ್ತವೆ, ಕೀಲಿಮಣೆಯಿಂದ ನೀವು ಹೊಡೆಯುವ 'ನೀ' ಒಂದುಗೂಡಿದ ಚಿಹ್ನೆ. ನೋಡಲು ಒಂದೇ, ಬೈಟು ಬೇರೆ. ಐಸಿಯು ಅನ್ನುವ ಪ್ಯಾಕೇಜಿನ ಜೊತೆ ಯುಕಾನ್ವ್ ಅಂತ ಕಮಾಂಡ್ ಬರುತ್ತದೆ. 'ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ' ಅಂತ ಕೊಟ್ಟು ಓಡಿಸಿದರೆ ಒಡೆದವೆಲ್ಲ ಒಂದಾಗುತ್ತವೆ. ಅರ್ಥಕ್ಕೆ ಏನೂ ಧಕ್ಕೆ ಇಲ್ಲ.

ಈಗ ಮೂರನೇ ಫೋಲ್ಡರು, ಕೊಂಬು ಮತ್ತು ಹಲಂತ ಕಳೆದುಕೊಂಡದ್ದು. ಈ ಫೈಲುಗಳು ಮೊದಲು ಸರಿಯಾದ ಯುಟಿಎಫ್-8ರಲ್ಲೇ ಇದ್ದವು. ಯಾವುದೋ ಪ್ರೋಗ್ರಾಮು ಅವನ್ನು ವಿಂಡೋಸ್-1252 ಅಂತ ತಪ್ಪಾಗಿ ಓದಿತು. ಅದು ಪಶ್ಚಿಮ ಯುರೋಪಿನ ಭಾಷೆಗಳ ಒಪ್ಪಂದ, ಒಂದು ಬೈಟಿಗೆ ಒಂದು ಅಕ್ಷರ. ಕಕಾರದ ಮೂರು ಬೈಟು 'ಇ0 ಬಿ2 95'. ಆ ಒಪ್ಪಂದದಲ್ಲಿ ಇ0 ಅಂದರೆ ಗೀಟಿನ ಎ, ಬಿ2 ಅಂದರೆ ಪುಟ್ಟ 2, 95 ಅಂದರೆ ದಪ್ಪ ಚುಕ್ಕಿ. ಕನ್ನಡದ ಸ್ವರ, ವ್ಯಂಜನಗಳೆಲ್ಲ ಬಿ2 ಗುಂಪಿನವು, ಕೊಂಬು, ಏತ್ವ, ಹಲಂತ ಮುಂತಾದವು ಬಿ3 ಗುಂಪಿನವು. ಬಿ3 ಅಂದರೆ ಪುಟ್ಟ 3. ಗೀಟಿನ ಎ ಪಕ್ಕ ಪುಟ್ಟ 2, ಪುಟ್ಟ 3 ಕಂಡರೆ ಅದು ಕನ್ನಡವೇ, ಬೇರೆ ಭಾಷೆ ಅಲ್ಲ. ನಾನು ಆ ಎರಡು ಅಂಕಿ ನೋಡಿಯೇ ಗುರುತು ಹಿಡಿಯುತ್ತೇನೆ. ಹಾಗೆ ತಪ್ಪಾಗಿ ಓದಿದ್ದನ್ನು ಆ ಪ್ರೋಗ್ರಾಮು ಮತ್ತೆ ಯುಟಿಎಫ್-8 ಆಗಿ ಸೇವ್ ಮಾಡಿತು. ಎರಡು ಸಲ ಸುತ್ತಿದ ಪೊಟ್ಟಣ ಅನ್ನಿ. 'ಹಾಸನ'ಕ್ಕೆ 24 ಬೈಟ್ ಆದದ್ದು ಇದರಿಂದಲೇ.

ಬಿಚ್ಚಲು ಉಲ್ಟಾ ಹೋಗಬೇಕು, ಯುಟಿಎಫ್-8ರಿಂದ ವಿಂಡೋಸ್-1252ಕ್ಕೆ. ಭಾವನವರ ಯೋಚನೆ ಸರಿಯಾಗಿಯೇ ಇತ್ತು. ಆದರೆ ವಿಂಡೋಸ್-1252ರಲ್ಲಿ ಐದು ಮನೆಗಳು ಖಾಲಿ: 81, 8ಡಿ, 8ಎಫ್, 90, 9ಡಿ. ಅಲ್ಲಿ ಯಾವ ಅಕ್ಷರವೂ ಇಲ್ಲ. ಈಗ ನೋಡಿ, ಕೊಂಬಿನ ಬೈಟುಗಳು 'ಇ0 ಬಿ3 81'. ಹಲಂತದ್ದು 'ಇ0 ಬಿ3 8ಡಿ'. ಎರಡೂ ನೇರವಾಗಿ ಖಾಲಿ ಮನೆಗೇ ಬಂದು ಬೀಳುತ್ತವೆ. ಕೊಂಬೂ ಒತ್ತೂ ಇಲ್ಲದೆ ಕನ್ನಡದಲ್ಲಿ ಒಂದು ಸಾಲು ಬರೆಯುವುದು ಎಷ್ಟು ಕಷ್ಟ ಅಂತ ಯೋಚಿಸಿ. ಏ, ಐ, ಝ ಇವುಗಳಿಗೂ ಇದೇ ಗತಿ, ಆದರೆ ಅವು ಅಪರೂಪ. ನಿಮ್ಮ ಹಾಳಾದ ಪ್ರತಿಯಲ್ಲಿ 'ಏಪ್ರಿಲ್', 'ಐದು' ಹುಡುಕಿ ನೋಡಿ, ಮೊದಲ ಅಕ್ಷರ ಹೋಗಿರುತ್ತದೆ.

ಐಕಾನ್ವ್ ಮೊದಲ ಕೊಂಬೋ ಹಲಂತವೋ ಸಿಕ್ಕಲ್ಲೇ 'ಇದಕ್ಕೆ ಜಾಗ ಇಲ್ಲ' ಅಂತ ನಿಂತಿತು. ಅದು ಎಚ್ಚರಿಕೆ. 'ಅಡ್ಡಗೆರೆ ಸಿ' ಅಂದರೆ 'ಬದಲಿಸಲು ಆಗದ್ದನ್ನು ಬಿಸಾಡಿ ಮುಂದೆ ಹೋಗು' ಅಂತ ಅಪ್ಪಣೆ. ಮೊದಲ ಸಲ 81 ಮತ್ತು 8ಡಿ ಬಿಸಾಡಿತು, ಮೂರು ಬೈಟಿನಲ್ಲಿ ಎರಡು ಅನಾಥವಾಗಿ ಉಳಿದವು. ಆಗ ಪರದೆಯ ಮೇಲೆ ಅಲ್ಲಲ್ಲಿ ವಜ್ರದಾಕಾರದೊಳಗೆ ಪ್ರಶ್ನೆ ಗುರುತು ಕಂಡಿರಬೇಕು. ಎರಡನೇ ಸಲ ಆ ಅನಾಥ ಬೈಟುಗಳನ್ನೂ ಬಿಸಾಡಿತು. ಹೀಗೆ 'ಪುನರ್ವಸು' ಹೋಗಿ 'ಪನರವಸ' ಆಯಿತು. ಈ ಸಿ ಅನ್ನುವ ಆಯ್ಕೆಯನ್ನು ಕನ್ನಡದ ಫೈಲಿಗೆ ನಾನು ಎಂದೂ ಹಾಕುವುದಿಲ್ಲ. ದೋಷ ಬಂದಾಗ ನಿಲ್ಲುವುದೇ ಒಳ್ಳೆಯದು. ಎಷ್ಟನೇ ಬೈಟಿನಲ್ಲಿ ನಿಂತೆ ಅಂತಲೂ ಅದು ಹೇಳುತ್ತದೆ, ಹೋಗಿ ನೋಡಬಹುದು.

ಆ ಹಾಳಾದ ಪ್ರತಿಯಿಂದ ಹಿಂದಿರುಗಲು ದಾರಿ ಇಲ್ಲ. 'ಹಡಗ' ಅಂತ ಇದ್ದರೆ ಅದು 'ಹಡಗು' ಆಗಿತ್ತೋ 'ಹುಡುಗ' ಆಗಿತ್ತೋ ಯಂತ್ರ ಹೇಳಲಾರದು. ಆದರೆ ಪೆನ್‌ಡ್ರೈವಿನಲ್ಲಿರುವ ಮೂಲ ಪ್ರತಿಯಲ್ಲಿ ಅವು ಇನ್ನೂ ಇರಬೇಕು. ವಿಂಡೋಸು ಖಾಲಿ ಮನೆಯ ಬೈಟು ಸಿಕ್ಕರೆ ಎಸೆಯುವುದಿಲ್ಲ, ಅದೇ ಸಂಖ್ಯೆಯ ಕಾಣದ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಹೆಕ್ಸ್‌ಡಂಪಿನಲ್ಲಿ 'ಸಿ2 81', 'ಸಿ2 8ಡಿ' ಅಂತ ಜೋಡಿಗಳು ಕಂಡರೆ ಕೊಂಬು, ಹಲಂತ ಬದುಕಿವೆ ಅಂತ ಅರ್ಥ. ದಯವಿಟ್ಟು ಇದನ್ನು ಮೊದಲು ನೋಡಿ.

ಬದುಕಿದ್ದರೆ ಬಿಚ್ಚಲು ಎರಡು ದಾರಿ. ಪೈಥಾನ್ ಗೊತ್ತಿದ್ದರೆ ಎಫ್‌ಟಿಎಫ್‌ವೈ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿ 'ಸ್ಲಾಪಿ-ವಿಂಡೋಸ್-1252' ಅಂತ ಒಂದು ಎನ್‌ಕೋಡಿಂಗ್ ಇದೆ. ಖಾಲಿ ಐದು ಮನೆಗಳನ್ನು ಅದೇ ಸಂಖ್ಯೆಯಿಂದ ತುಂಬಿಕೊಂಡದ್ದು. ಫೈಲನ್ನು ಯುಟಿಎಫ್-8 ಅಂತ ಓದಿ, ಈ ಎನ್‌ಕೋಡಿಂಗಿನಿಂದ ಬೈಟು ಮಾಡಿ, ಆ ಬೈಟುಗಳನ್ನು ಮತ್ತೆ ಯುಟಿಎಫ್-8 ಅಂತ ಓದಿದರೆ ಪೊಟ್ಟಣ ಬಿಚ್ಚುತ್ತದೆ. ನಾಲ್ಕೈದು ಸಾಲಿನ ಕೆಲಸ, ಎಲ್ಲ ಫೈಲಿಗೂ ಒಟ್ಟಿಗೇ ಮಾಡಬಹುದು. ಪೈಥಾನ್ ಬೇಡ ಅಂದರೆ ವಿಂಡೋಸಿನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತೆರೆದು, ಎನ್‌ಕೋಡಿಂಗ್ ಮೆನುವಿನಲ್ಲಿ ಮೊದಲು 'ಕನ್ವರ್ಟ್ ಟು ಆನ್ಸಿ' ಒತ್ತಿ, ಆಮೇಲೆ ಕನ್ವರ್ಟ್ ಅಲ್ಲದ ಬರೀ 'ಯುಟಿಎಫ್-8' ಒತ್ತಿ. ಆನ್ಸಿ ಅಂದರೆ ವಿಂಡೋಸಿನ ಹಳೆಯ, ಯುನಿಕೋಡ್ ಅಲ್ಲದ ಒಪ್ಪಂದ. ನಿಮ್ಮ ವಿಂಡೋಸಿನ ಆನ್ಸಿ 1252 ಆಗಿದ್ದರೆ ಮಾತ್ರ ಇದು ನಡೆಯುತ್ತದೆ, ಮತ್ತು ಒಂದೊಂದೇ ಫೈಲು ಮಾಡಬೇಕು. ನಿಮ್ಮಷ್ಟು ಫೈಲುಗಳಿಗೆ ನಾನಾದರೆ ಪೈಥಾನೇ ಹಿಡಿಯುತ್ತೇನೆ.

ಬಿಚ್ಚಿದ ಮೇಲೆ ಠ ಮತ್ತು ಭ ಇರುವ ಪದಗಳನ್ನು ಒಮ್ಮೆ ನೋಡಿ. 'ಭತ್ತ' ಇದ್ದೇ ಇರುತ್ತದಲ್ಲ. ಠಕಾರದ ಕೊನೆಯ ಬೈಟು ಆ ಒಪ್ಪಂದದಲ್ಲಿ ಒಂದು ಬಗೆಯ ಖಾಲಿ ಜಾಗ, ಭಕಾರದ್ದು ಕಾಣದ ಅಡ್ಡಗೆರೆ. ಮಧ್ಯೆ ಯಾರಾದರೂ ಫೈಲನ್ನು ತೆರೆದು ಖಾಲಿ ಜಾಗ ಸರಿಮಾಡಲು ಹೋಗಿದ್ದರೆ ಇವೆರಡು ಪೆಟ್ಟು ತಿಂದಿರಬಹುದು.

ಆನ್‌ಲೈನ್ ಕನ್ವರ್ಟರ್ ಬಗ್ಗೆ ಕೇಳಿದಿರಿ. ಒಂದೆರಡು ಸಾಲು ಪರೀಕ್ಷೆಗೆ ಹಾಕಿ ನೋಡಿದರೆ ತಪ್ಪಿಲ್ಲ. ಪೂರ್ತಿ ಡೈರಿ ಹಾಕಬೇಡಿ. ಆಳುಗಳ ಹೆಸರು, ಕೊಟ್ಟ ಮುಂಗಡ, ಸಾಲದ ಲೆಕ್ಕ ಎಲ್ಲ ಅದರಲ್ಲಿದೆ. ಅದು ನಿಮ್ಮದಷ್ಟೇ ಅಲ್ಲ, ಅವರದ್ದೂ ಹೌದು. ಮೇಲೆ ಹೇಳಿದ ಎಲ್ಲವೂ ಇಂಟರ್ನೆಟ್ ತೆಗೆದಿಟ್ಟ ಕಂಪ್ಯೂಟರಿನಲ್ಲೇ ನಡೆಯುತ್ತದೆ.

ಕೊನೆಗೆ ನಾಲ್ಕನೇ ಫೋಲ್ಡರು. ಹಳೆ ನೋಟ್‌ಪ್ಯಾಡಿನಲ್ಲಿ ಯುನಿಕೋಡ್ ಕನ್ನಡ ಬರೆದು 'ಆನ್ಸಿ' ಅಂತ ಸೇವ್ ಮಾಡಿದರೆ ಹೀಗಾಗುತ್ತದೆ. ಆನ್ಸಿಯಲ್ಲಿ ಕನ್ನಡಕ್ಕೆ ಒಂದೂ ಮನೆ ಇಲ್ಲ. ಸೇವ್ ಮಾಡುವಾಗ ಒಂದು ಎಚ್ಚರಿಕೆ ಬರುತ್ತದೆ, ಅವಸರದಲ್ಲಿ ಓಕೆ ಒತ್ತಿದರೆ ಮುಗಿಯಿತು. ವಿಂಡೋಸ್ 10ರ 2019ರ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಆರಿಸಿಕೊಳ್ಳುತ್ತದೆ, ಅದಕ್ಕೆ ಮುಂಚೆ ಆನ್ಸಿಯೇ ಮೊದಲ ಆಯ್ಕೆ. ಹೆಕ್ಸ್‌ಡಂಪಿನಲ್ಲಿ ಬರೀ '3ಎಫ್ 3ಎಫ್ 3ಎಫ್' ಕಂಡರೆ ಅವು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳೇ. ಹಿಂದೆ ಯಾವ ಅಕ್ಷರ ಇತ್ತು ಅನ್ನುವ ಗುರುತು ಫೈಲಿನಲ್ಲಿ ಉಳಿದಿಲ್ಲ. ಯಾವ ಕಮಾಂಡೂ, ದುಡ್ಡು ತಗೊಂಡು ವಾಪಸ್ ತರುತ್ತೇವೆ ಅನ್ನುವ ಯಾರೂ ಅದನ್ನು ತರಲಾರರು. ಹಳೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಇದ್ದರೆ, ಯಾರಿಗಾದರೂ ಇಮೇಲ್ ಮಾಡಿದ್ದರೆ, ಅಲ್ಲಿ ಬೇರೆ ಪ್ರತಿ ಹುಡುಕಿ.

ಆದರೆ ಒಂದು ಇದೆ. 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳು ಆನ್ಸಿಯಲ್ಲೂ ಯುಟಿಎಫ್-8ರಲ್ಲೂ ನುಡಿಯಲ್ಲೂ ಒಂದೇ ಬೈಟಿನಲ್ಲಿ, ಒಂದೇ ಮನೆಯಲ್ಲಿವೆ. ಅವಕ್ಕೆ ಈ ಯಾವ ರೋಗವೂ ತಟ್ಟುವುದಿಲ್ಲ. 'ಮಳೆ 3 ಇಂಚು 20 ಸೆಂಟ್' ಅಂತ ಅಪ್ಪ ಬರೆದಿದ್ದರೆ ಈಗ ಅಲ್ಲಿ '??? 3 ???? 20 ?????' ಅಂತ ಇರುತ್ತದೆ. ಒಂದೊಂದು ಚಿಹ್ನೆಗೆ ಒಂದೊಂದು ಪ್ರಶ್ನಾರ್ಥಕ. 'ಮಳೆ'ಗೆ ಮೂರು, 'ಇಂಚು'ಗೆ ನಾಲ್ಕು, 'ಸೆಂಟ್'ಗೆ ಐದು. ಮೂರು, ನಾಲ್ಕು, ಐದರ ಈ ಸಾಲು ಮಳೆಯ ಸಾಲೇ. ಟರ್ಮಿನಲ್ಲಿನಲ್ಲಿ ಹೀಗೆ ಕೊಡಿ, ಒಂಟಿ ಉದ್ಧರಣ ಚಿಹ್ನೆ ಬಿಡಬೇಡಿ:

ಗ್ರೆಪ್ '??? [0-9]' ಫೈಲಿನಹೆಸರು

ಮಳೆಯ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಮೂರಕ್ಕಿಂತ ಜಾಸ್ತಿ ಪ್ರಶ್ನಾರ್ಥಕ ಇರುವ ಬೇರೆ ಸಾಲುಗಳೂ ಕೆಲವು ಸೇರಿಕೊಳ್ಳುತ್ತವೆ, ಕಣ್ಣಲ್ಲೇ ಆರಿಸಿ ತೆಗೆಯಬಹುದು. ತಾರೀಕು ಅಂಕಿಯಲ್ಲಿ ಬರೆದಿದ್ದರೆ ಅದೂ ಇರುತ್ತದೆ. ತಾರೀಕು ಇದ್ದರೆ ಯಾವ ನಕ್ಷತ್ರದ ಮಳೆ ಅನ್ನುವುದು ಪಂಚಾಂಗ ನೋಡದೆಯೂ ನಿಮ್ಮಪ್ಪನಿಗೆ ಗೊತ್ತು. ಆ ವರ್ಷಗಳ ಆಳಿನ ಲೆಕ್ಕ, ಮಾತು ಹೋಯಿತು. ಮಳೆಯ ಲೆಕ್ಕ ಹೋಗಿಲ್ಲ. ಎಕ್ಸೆಲ್ಲಿಗೆ ಹಾಕುವುದಾದರೆ ಸಿಎಸ್‌ವಿ ಫೈಲನ್ನು 'ಯುಟಿಎಫ್-8 ವಿತ್ ಬಾಮ್' ಅಂತ, ಅಂದರೆ ತಲೆಯಲ್ಲಿ ಗುರುತಿನ ಬೈಟು ಇರುವಂತೆ, ಸೇವ್ ಮಾಡಿ, ಇಲ್ಲದಿದ್ದರೆ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಕನ್ನಡದ ತಲೆಬರಹಗಳನ್ನು ಮತ್ತೆ ಗೀಟಿನ ಎ, ಪುಟ್ಟ 2 ಮಾಡಿ ತೋರಿಸುತ್ತದೆ.

ಮೂರನೇ ಫೋಲ್ಡರಿನ ಒಂದು ಫೈಲಿನಲ್ಲಿ 'ಸಿ2 81' ಕಂಡಿತೋ ಇಲ್ಲವೋ, ಅದೊಂದನ್ನು ನನಗೆ ಬರೆದು ತಿಳಿಸಿ.